ಮಾಂಜ್ರಾ ಸೇತುವೆ ಮತ್ತು ಗಾಳಕ್ಕೆ ಹಚ್ಚಿದ ಜೀವ

ಮಳೆಗಾಲ ಮುಗಿದು ಮಾಂಜ್ರಾ ನೀರು ತಿಳಿಯಾಗುವ ಹೊತ್ತಿಗೆ ನನಗೆ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಕೇಳುವವರು ಹೆಚ್ಚಾಗಿ ಹುಡುಗರು. ಚಿಂತಾಕಿಯವರು, ಸಂತಪುರದವರು, ಭಾಲ್ಕಿ ಕಡೆಯವರು. "ಕಾಕಾ, ಸೇತುವಿ ಮ್ಯಾಲಿಂದ ದೊಡ್ಡ ಮೀನ ಹಿಡೀಬೇಕಂದ್ರ ಗಾಳಕ್ಕ ಜೀವಂತ ಮೀನೇ ಹಚ್ಚಬೇಕೇನು? ನಾವು ಹಚ್ಚಿದ್ದು ನೀರಿಗಿ ಬಿಡೂದ್ರಾಗೇ ಸಾಯಲತಾವ." ಇವರಲ್ಲಿ ಕೆಲವರು ಕೆಲಸಕ್ಕೆಂದು ಮುಂಬೈ, ಗೋವಾ ಕಡೆ ಹೋಗಿ ಬಂದವರು. ಅಲ್ಲಿ ಉಪ್ಪುನೀರಿನ ಸೇತುವೆಗಳ ಮೇಲೆ ನಿಂತು ಜೀವಂತ ಸಿಗಡಿ ಹಚ್ಚಿ ಮೊಳದುದ್ದದ ಮೀನು ಎಳೆಯುವವರನ್ನು ನೋಡಿದ್ದಾರೆ. ಅದೇ ವಿದ್ಯೆ ನಮ್ಮ ಸಿಹಿನೀರಿನ ಹೊಳೆಯಲ್ಲಿ ನಡೆಯುತ್ತದೆಯೇ ಎಂಬುದು ಅವರ ಕುತೂಹಲ.

ನಡೆಯುತ್ತದೆ. ಜೀವಂತ ಎರೆಗೆ ದೊಡ್ಡ ಮೀನು ಬೀಳುವಷ್ಟು ಹಿಟ್ಟಿನುಂಡೆಗೆ, ಎರೆಹುಳಕ್ಕೆ ಬೀಳುವುದಿಲ್ಲ. ಆದರೆ ಈ ವಿದ್ಯೆಯ ಮುಕ್ಕಾಲು ಭಾಗ ಗಾಳದಲ್ಲಿಲ್ಲ, ಎರೆಯನ್ನು ಬದುಕಿಸಿ ಇಟ್ಟುಕೊಳ್ಳುವುದರಲ್ಲಿದೆ. ಉಳಿದ ಭಾಗ ಯಾವ ಜೀವವನ್ನು ಹಚ್ಚಬಾರದು, ಯಾವಾಗ ಗಾಳವನ್ನೇ ಬಿಡಬಾರದು ಎಂಬ ತಿಳಿವಳಿಕೆ. ಇವೆರಡನ್ನು ಬಿಟ್ಟು ಬರೀ ಕೊಕ್ಕೆ, ದಾರ, ರಾಡು ಎಂದು ಮಾತಾಡುವವರೇ ಹೆಚ್ಚು ಇರುವುದರಿಂದ ಇವತ್ತು ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಸೇತುವೆಯ ಮಾತು. ಔರಾದ್‌ನಿಂದ ಬೀದರ್‌ಗೆ ಹೋಗುವಾಗ ಕೌಠಾ ಬಳಿ ಮಾಂಜ್ರಾ ಅಡ್ಡ ಬರುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ನಮ್ಮ ಜಿಲ್ಲೆ ಹಾದು, ತೆಲಂಗಾಣದ ಸಿಂಗೂರು ಮತ್ತು ನಿಜಾಮಸಾಗರಗಳನ್ನು ತುಂಬಿಸಿ ಗೋದಾವರಿ ಸೇರುವ ಈ ನದಿಯ ಉದ್ದ 724 ಕಿಲೋಮೀಟರ್. ಅಷ್ಟು ಉದ್ದದ ನದಿಯಲ್ಲಿ ದೊಡ್ಡ ಮೀನು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುವುದು ಕಷ್ಟ. ಸೇತುವೆ ಆ ಕಷ್ಟವನ್ನು ಕಡಿಮೆ ಮಾಡುತ್ತದೆ. ಕಂಬ ಅಡ್ಡ ನಿಂತಾಗ ಹರಿವು ಒಡೆಯುತ್ತದೆ, ಕಂಬದ ಬುಡದಲ್ಲಿ ನೀರು ಸುಳಿದು ತಳದ ಮಣ್ಣು ಕೆತ್ತಿ ಗುಂಡಿ ಮಾಡುತ್ತದೆ, ಹಿಂಬದಿಯಲ್ಲಿ ಹರಿವು ಮಂದವಾಗುತ್ತದೆ. ಮೇಲೆ ನೆರಳು ಬೇರೆ. ಹೊಂಚುಹಾಕಿ ಬೇಟೆಯಾಡುವ ಮೀನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಶಕ್ತಿ ಖರ್ಚಾಗದಂತೆ ಮಂದ ನೀರಿನಲ್ಲಿ ಮೂತಿಯನ್ನು ಹರಿವಿನ ಎದುರಿಗೆ ಮಾಡಿ ನಿಂತು, ಹರಿದು ಬರುವ ಮರಿಮೀನನ್ನು ನೆರಳಿನ ಅಂಚಿನಲ್ಲಿ ಹಿಡಿಯುತ್ತದೆ. ಸೇತುವೆ ಮೇಲೆ ನಿಂತ ಬಹುಪಾಲು ಜನ ಶಕ್ತಿ ಹಾಕಿ ಗಾಳವನ್ನು ದೂರಕ್ಕೆ ಬೀಸುತ್ತಾರೆ. ಅವರು ಹುಡುಕುತ್ತಿರುವ ಮೀನು ಅವರ ಕಾಲ ಕೆಳಗೇ ಇರುತ್ತದೆ. ನೀರು ಬರುವ ದಿಕ್ಕಿನ ಕಡೆ ನಿಂತು, ಎರೆಯನ್ನು ಮೆಲ್ಲಗೆ ಇಳಿಬಿಟ್ಟು, ಅದು ತಾನಾಗಿ ಕಂಬದ ನೆರಳಿನತ್ತ ತೇಲಿ ಹೋಗುವಂತೆ ಬಿಡುವುದೇ ಸರಿಯಾದ ಕ್ರಮ.

ನಮ್ಮಲ್ಲಿ ಜೀವಂತ ಎರೆಗೆ ಬೀಳುವ ದೊಡ್ಡ ಮೀನು ಮುಖ್ಯವಾಗಿ ಎರಡು. ನಾವು ಮರಲ್ ಎನ್ನುವ, ದಕ್ಷಿಣ ಕರ್ನಾಟಕದವರು ಕೊರವ ಎನ್ನುವ ಮೀನು ಒಂದು, ಬಾಳೆಮೀನು ಇನ್ನೊಂದು. ರೋಹು, ಕಟ್ಲಾ ಎಷ್ಟೇ ದೊಡ್ಡದಾದರೂ ಮೀನು ತಿನ್ನುವ ಜಾತಿಯಲ್ಲ, ಅವುಗಳಿಗೆ ಜೀವಂತ ಎರೆ ಹಚ್ಚಿ ಕೂರುವುದು ದಂಡ. ಮರಲ್ ಕಿವಿರಿನಿಂದ ಮಾತ್ರ ಉಸಿರಾಡುವುದಿಲ್ಲ. ಅದರ ತಲೆಯಲ್ಲಿ ಗಾಳಿಯಿಂದ ಆಮ್ಲಜನಕ ಹೀರುವ ಪ್ರತ್ಯೇಕ ಅಂಗವಿದೆ, ಹಾಗಾಗಿ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗಲೇಬೇಕು. ಸಂಜೆ ನೀರು ಅಲುಗದಿರುವಾಗ ಸೇತುವೆಯಿಂದ ಕೆಳಗೆ ನೋಡಿದರೆ ಆ ಗುಟುಕಿನ ಸುರುಳಿ ಕಾಣುತ್ತದೆ. ಎರಡು ಸಲ ಒಂದೇ ಜಾಗದಲ್ಲಿ ಸುರುಳಿ ಎದ್ದರೆ ಮೀನು ಅಲ್ಲೇ ನೆಲೆಸಿದೆ ಎಂದರ್ಥ. ಬಾಳೆಮೀನು ಆಳದ ಗುಂಡಿಯಲ್ಲಿ ಹಗಲು ಕಳೆದು ಕತ್ತಲಾದ ಮೇಲೆ ಹೊರಡುತ್ತದೆ. ಅದರ ಬಾಯಿ ಕಣ್ಣಿನಾಚೆಯವರೆಗೂ ಸೀಳಿರುತ್ತದೆ, ಒಳಗೆ ಸಾಲುಸಾಲು ಸಣ್ಣ ಹಲ್ಲುಗಳು. ತಂಗೂಸ್ ದಾರ ಆ ಹಲ್ಲಿಗೆ ಉಜ್ಜಿ ಹರಿಯುತ್ತದೆ. ಬಾಳೆಮೀನಿಗೆ ಗಾಳ ಹಾಕುವವರು ಕೊಕ್ಕೆಗೆ ಮೊದಲು ಗೇಣುದ್ದ ತೆಳುತಂತಿ ಕಟ್ಟುವುದು ಇದಕ್ಕೇ.

ಸತ್ತ ಮೀನಿಗಿಂತ ಜೀವಂತ ಮೀನು ಯಾಕೆ ಮೇಲು? ಮಾಂಜ್ರಾ ಕಪ್ಪುಮಣ್ಣಿನ ಸೀಮೆಯಲ್ಲಿ ಹರಿಯುವ ನದಿ. ತಿಳಿಯಾಯಿತು ಎನ್ನುವ ಕಾಲದಲ್ಲೂ ಅದರೊಳಗೆ ಹೆಚ್ಚು ದೂರ ಕಾಣುವುದಿಲ್ಲ. ಅಂಥ ನೀರಿನಲ್ಲಿ ಬೇಟೆಗಾರ ಮೀನು ಕಣ್ಣಿಗಿಂತ ಹೆಚ್ಚಾಗಿ ತನ್ನ ಪಕ್ಕೆಯ ಗೆರೆಯನ್ನು ನಂಬುತ್ತದೆ. ಯಾವ ಮೀನನ್ನೇ ಕೈಯಲ್ಲಿ ಹಿಡಿದು ನೋಡಿ, ಕಿವಿರಿನಿಂದ ಬಾಲದ ಕಡೆಗೆ ಒಂದು ಸಣ್ಣ ಗೆರೆ ಕಾಣುತ್ತದೆ. ಅದು ಬಣ್ಣದ ಗೆರೆಯಲ್ಲ, ನೀರಿನ ಅಲುಗಾಟವನ್ನು ಗ್ರಹಿಸುವ ಸೂಕ್ಷ್ಮ ರಂಧ್ರಗಳ ಸಾಲು. ಆರೋಗ್ಯವಾಗಿ ಗುಂಪಿನಲ್ಲಿ ಈಜುವ ಮರಿಮೀನಿನ ಅಲುಗಾಟ ಒಂದು ಲಯದಲ್ಲಿರುತ್ತದೆ. ಗಾಯಗೊಂಡು ಒಂಟಿಯಾದ ಮೀನಿನದು ತಪ್ಪಿದ ಲಯ: ಒಮ್ಮೆ ಜೋರು, ಒಮ್ಮೆ ನಿಂತಂತೆ, ಮತ್ತೆ ಜೋರು. ಆ ತಪ್ಪಿದ ಲಯವೇ ಬೇಟೆಗಾರನಿಗೆ ಕರೆ. ಸುಲಭವಾಗಿ ಸಿಗುವ ಆಹಾರ ಇಲ್ಲಿದೆ ಎಂದು ಅದಕ್ಕೆ ತಿಳಿಯುತ್ತದೆ. ಸತ್ತ ಎರೆ ವಾಸನೆ ಬಿಡುತ್ತದೆ, ಅಲುಗುವುದಿಲ್ಲ. ಬಾಳೆಮೀನು ವಾಸನೆಗೂ ಬರುವುದುಂಟು. ಮರಲ್‌ಗೆ ಮಾತ್ರ ಅಲುಗಾಟ ಬೇಕೇ ಬೇಕು.

ಹಾಗಾದರೆ ಹುಡುಗರ ಎರೆ ನೀರಿಗೆ ಬಿಡುವ ಮೊದಲೇ ಯಾಕೆ ಸಾಯುತ್ತದೆ? ಉತ್ತರ ಅವರ ಬಕೆಟ್‌ನಲ್ಲಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಅದೇ ವೇಳೆ ಬಿಸಿನೀರಿನಲ್ಲಿ ಮೀನಿನ ದೇಹ ಹೆಚ್ಚು ಆಮ್ಲಜನಕ ಕೇಳುತ್ತದೆ. ಬಿಸಿಲಲ್ಲಿಟ್ಟ ಕಪ್ಪು ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಮೂರು ಚೊಂಬು ನೀರು, ಒಂದರ ಮೇಲೊಂದು ಮರಿಮೀನು. ಬದುಕುವುದಾದರೂ ಹೇಗೆ? ನಮ್ಮ ಕಡೆಯ ಹಿರಿಯರು ಎರೆಯನ್ನು ಮಣ್ಣಿನ ಗಡಿಗೆಯಲ್ಲಿ ಇಟ್ಟುಕೊಂಡು, ಗಡಿಗೆಗೆ ಹಸಿ ಗೋಣಿಚೀಲ ಸುತ್ತಿ ನೆರಳಲ್ಲಿಡುತ್ತಿದ್ದುದನ್ನು ನಾನು ನೋಡಿದ್ದೇನೆ. ಗಡಿಗೆಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ವಿಜ್ಞಾನದ ಪುಸ್ತಕ ಓದದೆಯೇ ಅವರಿಗೆ ಅದು ಗೊತ್ತಿತ್ತು. ಈಗ ಮೀನಿನ ತೊಟ್ಟಿಗೆ ಗಾಳಿ ಊದುವ, ಸೆಲ್‌ನಿಂದ ನಡೆಯುವ ಸಣ್ಣ ಪಂಪುಗಳು ಸಿಗುತ್ತವೆ. ಒಂದನ್ನು ಕೊಂಡರೆ ಇನ್ನೂ ಒಳ್ಳೆಯದು.

ಬೇರೆ ಕೆಲವು ಮಾತುಗಳನ್ನೂ ಇಲ್ಲೇ ಸೇರಿಸುತ್ತೇನೆ. ಎರೆ ಹಿಡಿದ ಹೊಳೆಯ ನೀರನ್ನೇ ಬಳಸಬೇಕು. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಒಣಗೈಯಲ್ಲಿ ಮರಿಮೀನು ಮುಟ್ಟಬಾರದು. ಮೈಮೇಲಿನ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ, ಒಣಗೈ ಅದನ್ನು ಒರೆಸಿಬಿಡುತ್ತದೆ. ನೀರಿನ ಮೇಲ್ಪದರದಲ್ಲಿ ಮಿಂಚುವ ತೆಳ್ಳಗಿನ ಬೆಳ್ಳಿಬಣ್ಣದ ಮೀನು ನೋಡಲು ಚೆಂದ, ಆದರೆ ಬೇಗ ಸಾಯುತ್ತದೆ. ತಳದ ಕಡೆ ಓಡಾಡುವ, ಗಟ್ಟಿ ಹುರುಪೆಯ ಗಿಡ್ಡ ಮೀನು ತಾಳಿಕೆಯದು. ಹೆಚ್ಚು ಹಿಡಿಯಬೇಡಿ. ಒಂದು ಸಂಜೆಗೆ ಬೆರಳೆಣಿಕೆಯಷ್ಟು ಗಟ್ಟಿ ಎರೆ ಸಾಕು. ಬಕೆಟ್ ತುಂಬ ಅರೆಜೀವದ ಮೀನಿದ್ದರೆ ಉಪಯೋಗವಿಲ್ಲ.

ಕೊಕ್ಕೆ ಚುಚ್ಚುವ ಜಾಗ ಎರೆ ಹೇಗೆ ಈಜಬೇಕೆಂಬುದನ್ನು ನಿರ್ಧರಿಸುತ್ತದೆ. ಹರಿವು ಇದ್ದಾಗ ಮೇಲ್ದುಟಿಗೆ ಅಥವಾ ಮೂಗಿನ ಹೊಳ್ಳೆಯ ಬಳಿ ಚುಚ್ಚಿದರೆ ಮೀನು ಹರಿವಿನ ಎದುರು ಮುಖಮಾಡಿ ಸಹಜವಾಗಿ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬೆನ್ನಿನ ರೆಕ್ಕೆಯ ಹಿಂದೆ, ಚರ್ಮದ ಕೆಳಗಷ್ಟೇ ಹಾಯುವಂತೆ ಚುಚ್ಚಬೇಕು. ಕೊಕ್ಕೆ ಬೆನ್ನುಮೂಳೆಗೆ ತಾಗಿದರೆ ಎರೆ ಆ ಕ್ಷಣವೇ ಸೋಲುತ್ತದೆ. ಬಾಲದ ಬಳಿ ಚುಚ್ಚಿದರೆ ಅದು ದಾರದಿಂದ ದೂರ ಓಡಲು ನೋಡುತ್ತದೆ, ಕಂಬದ ಬುಡಕ್ಕೆ ಕಳಿಸಲು ಇದೇ ದಾರಿ. ಎರೆ ಎಷ್ಟು ಆಳದಲ್ಲಿ ಈಜಬೇಕೆಂದು ಹೇಳುವುದು ಬೆಂಡು. ಜೋಳದ ದಂಟಿನ ಬೆಂಡೇ ಸಾಕು, ಅಂಗಡಿಯದು ಬೇಕಿಲ್ಲ. ದೊಡ್ಡ ಮೀನು ಎರೆ ಹಿಡಿದಾಗ ಬೆಂಡು ಒಮ್ಮೆ ಮುಳುಗಿ ಪಕ್ಕಕ್ಕೆ ಜಾರುತ್ತದೆ. ಆಗಲೇ ಜಗ್ಗಿದರೆ ಎರೆ ಬಾಯಿಂದ ಕಿತ್ತು ಬರುತ್ತದೆ. ಮರಲ್ ಎರೆಯನ್ನು ಹಿಡಿದು, ತಿರುಗಿಸಿ, ತಲೆಯ ಕಡೆಯಿಂದ ನುಂಗುತ್ತದೆ. ಅದಕ್ಕೆ ಸಮಯ ಕೊಡಬೇಕು. ತೀರಾ ಹೆಚ್ಚು ಸಮಯ ಕೊಟ್ಟರೆ ಕೊಕ್ಕೆ ಹೊಟ್ಟೆಯವರೆಗೆ ಇಳಿದು, ಚಿಕ್ಕದೆಂದು ವಾಪಸು ಬಿಡಬೇಕಾದ ಮೀನೂ ಸಾಯುತ್ತದೆ. ಅದಕ್ಕೇ ನಾನು ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಬಳಸಿ ಎಂದು ಹೇಳುತ್ತೇನೆ. ಅದನ್ನು ಜಗ್ಗಬಾರದು. ಮೀನು ಹೊರಟಂತೆ ದಾರ ಬಿಗಿಯಾಗಲು ಬಿಟ್ಟರೆ ಕೊಕ್ಕೆ ಗಂಟಲಿನಿಂದ ಜಾರಿ ಬಾಯಿಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ.

ಸಮುದ್ರದ ಕಡೆ ಇದೇ ವಿದ್ಯೆಗೆ ಇನ್ನೊಂದು ಲೆಕ್ಕ ಕೂಡುತ್ತದೆ, ಅದು ಭರತ ಇಳಿತದ್ದು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಹರಿವು ಸುಮಾರು ಆರು ತಾಸಿಗೊಮ್ಮೆ ದಿಕ್ಕು ಬದಲಿಸುತ್ತದೆ. ನೀರು ತುಂಬುವಾಗ ಕಂಬದ ಯಾವ ಬದಿ ಮಂದವಾಗಿತ್ತೋ ಇಳಿಯುವಾಗ ಅದರ ಎದುರು ಬದಿ ಮಂದವಾಗುತ್ತದೆ, ಮೀನೂ ಬದಿ ಬದಲಿಸುತ್ತದೆ. ಕೊಂಕಣಿಯವರು ಚೊಣಕ್ ಎನ್ನುವ ದೊಡ್ಡ ಮೀನು ಆ ತಿರುವಿನ ಹೊತ್ತಿಗೇ ಬೇಟೆಗೆ ಚುರುಕಾಗುತ್ತದೆ. ಅದಕ್ಕೆ ಜೀವಂತ ಸಿಗಡಿ ಹಚ್ಚುವವರು ತಲೆಯೊಳಗೆ ಕಾಣುವ ಕಪ್ಪು ಚುಕ್ಕೆಯನ್ನು ತಪ್ಪಿಸಿ, ಮೂತಿಯ ಕೊಂಬಿನ ಬುಡದಲ್ಲಿ ಕೊಕ್ಕೆ ಹಾಯಿಸುತ್ತಾರೆ. ಆ ಕಪ್ಪು ಚುಕ್ಕೆಯ ಸುತ್ತಲೇ ಸಿಗಡಿಯ ಪ್ರಾಣ. ಚೊಣಕ್ ಬಗ್ಗೆ ಒಂದು ವಿಸ್ಮಯದ ಸಂಗತಿ ಇದೆ: ಅದು ಗಂಡಾಗಿ ಬೆಳೆದು, ವಯಸ್ಸಾದಂತೆ ಹೆಣ್ಣಾಗುತ್ತದೆ. ಸೇತುವೆಯಿಂದ ಎಳೆದ ಅತಿ ದೊಡ್ಡ ಚೊಣಕ್ ಬಹುತೇಕ ಮೊಟ್ಟೆ ಇಡುವ ತಾಯಿಯೇ ಆಗಿರುತ್ತದೆ. ದೊಡ್ಡದನ್ನೇ ಹಿಡಿಯಬೇಕೆಂಬ ಹಂಬಲಕ್ಕೆ ನದಿ ತೆರುವ ಬೆಲೆ ಏನು ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನು ಸೇತುವೆಯ ಮೇಲಿನವರು ಮೊದಲೇ ಯೋಚಿಸದ ವಿಷಯ: ಕೊಕ್ಕೆಗೆ ಬಿದ್ದ ಮೀನನ್ನು ಮೇಲೆ ತರುವುದು ಹೇಗೆ? ನೀರಿನೊಳಗೆ ಮೀನಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ, ಅದರ ಎಳೆತ ಮಾತ್ರ ದಾರದ ಮೇಲೆ ಬೀಳುತ್ತದೆ. ನೀರಿನಿಂದ ಮೇಲೆದ್ದ ಕ್ಷಣ ಅದರ ಪೂರ್ತಿ ತೂಕ, ಜತೆಗೆ ಒದ್ದಾಟದ ಜಗ್ಗು, ಎರಡೂ ಬೀಳುತ್ತವೆ. ಎಂಟು ಕಿಲೋ ತಾಳುವ ದಾರ ಆರು ಕಿಲೋ ಮೀನನ್ನು ಗಾಳಿಯಲ್ಲಿ ತೂಗಾಡಿಸಿದಾಗ ಹರಿಯುವುದು ಇದಕ್ಕೇ. ಆ ಮೀನು ಕೊಕ್ಕೆ, ತಂತಿ, ದಾರ ಎಲ್ಲ ಹೊತ್ತುಕೊಂಡು ಬಿದ್ದು ನರಳಿ ಸಾಯುತ್ತದೆ, ಯಾರ ಹೊಟ್ಟೆಗೂ ಹೋಗುವುದಿಲ್ಲ. ಉಪಾಯ ಎರಡಿವೆ. ಮೀನನ್ನು ಆಡಿಸುತ್ತ ಸೇತುವೆಯ ತುದಿಗೆ ನಡೆದು ದಂಡೆಗೆ ಇಳಿಯುವುದು ಒಂದು. ಬಳೆಯಾಕಾರದ ಕಂಬಿಗೆ ಬಲೆ ಕಟ್ಟಿ, ಹಗ್ಗದಿಂದ ಇಳಿಬಿಟ್ಟು, ಮೀನನ್ನು ಅದರೊಳಗೆ ಸೇರಿಸಿ ಎತ್ತುವುದು ಇನ್ನೊಂದು. ಎರಡರಲ್ಲಿ ಒಂದಕ್ಕೂ ತಯಾರಿ ಇಲ್ಲದವರು ಸೇತುವೆಯಿಂದ ದೊಡ್ಡ ಮೀನಿಗೆ ಗಾಳ ಬಿಡಲೇಬಾರದು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಲಾರಿ, ಬಸ್ಸುಗಳ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1980ರ ಮೇ 9ರಂದು ಹಡಗು ಬಡಿದು ಸನ್‌ಶೈನ್ ಸ್ಕೈವೇ ಸೇತುವೆ ಕುಸಿಯಿತು, 35 ಜನ ತೀರಿಕೊಂಡರು. ಹೊಸ ಸೇತುವೆ ಕಟ್ಟಿದ ಮೇಲೆ ಹಳೆಯದರ ಉಳಿದ ತುದಿಗಳನ್ನು ಗಾಳ ಹಾಕುವವರಿಗೆಂದೇ ಬಿಟ್ಟುಕೊಟ್ಟರು. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಕಬ್ಬಿನ ಗಾಡಿ, ಲಾರಿ ಓಡುವ ರಸ್ತೆಯ ಮೇಲೇ ನಿಂತು ಹಿಂದಕ್ಕೆ ಕೈಬೀಸಿ ಗಾಳ ಎಸೆಯುವುದು ಮೋಟರ್ ಸೈಕಲ್ ಸವಾರನ ಕಣ್ಣಿಗೆ ಅಪಾಯ. ಮೇಲಿನ ಅಣೆಕಟ್ಟೆ, ಬ್ಯಾರೇಜುಗಳ ಗೇಟು ತೆರೆದರೆ ಮಾಂಜ್ರಾ ಏರುವುದಕ್ಕೆ ತಡವಿಲ್ಲ, ದಂಡೆಗೆ ಇಳಿದವರು ಅದನ್ನೂ ನೆನಪಿಡಬೇಕು. ಕೆಳಗೆ ತೆಲಂಗಾಣದ ಮಾಂಜೀರಾ ವನ್ಯಧಾಮ ಮೊಸಳೆಗಳಿಗೆ ಹೆಸರಾದದ್ದು, ಅದೂ ಇದೇ ನದಿ. ಒಳನಾಡು ನೀರಿನ ಮೀನುಗಾರಿಕೆಗೆ ನಮ್ಮ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ಯಾವ ಜಾಗದ ಹಕ್ಕು ಯಾವ ಸಹಕಾರ ಸಂಘಕ್ಕಿದೆ, ಪರವಾನಗಿ ಬೇಕೇ ಎಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು ಹೋಗಿ. ಹೊಳೆಯನ್ನೇ ನಂಬಿ ಬದುಕುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿವೆ. ನಮ್ಮ ಹವ್ಯಾಸ ಅವರ ಅನ್ನಕ್ಕೆ ಅಡ್ಡ ಬರಬಾರದು.

ಯಾವ ಜೀವವನ್ನು ಹಚ್ಚಬಾರದು ಎಂಬುದಕ್ಕೆ ಬರುತ್ತೇನೆ. ಮರಲ್‌ಗೆ ಕಪ್ಪೆಯೇ ಬೇಕು ಎಂಬ ನಂಬಿಕೆ ಹಳೆಯದು, ಕಪ್ಪೆಗೆ ಮರಲ್ ಬೀಳುವುದೂ ಖರೆ. ಆದರೂ ಬೇಡ. ಹೊರದೇಶಕ್ಕೆ ಕಪ್ಪೆಕಾಲು ಕಳಿಸುವುದನ್ನು ಭಾರತ 1987ರಲ್ಲಿ ನಿಲ್ಲಿಸಿತು, ಹೊಲದ ಕೀಟ ತಿನ್ನುವ ಕಪ್ಪೆ ಕಡಿಮೆಯಾದರೆ ರೈತನಿಗೇ ನಷ್ಟ ಎಂಬ ಕಾರಣ ಅದರ ಹಿಂದಿತ್ತು. ತೊಗರಿ, ಸೋಯಾ, ಉದ್ದು ಬೆಳೆಯುವ ನಮ್ಮ ಔರಾದ್ ಸೀಮೆಗೆ ಆ ಕಾರಣ ಇವತ್ತಿಗೂ ಸಲ್ಲುತ್ತದೆ. ಕಟ್ಲಾ, ರೋಹು ಮರಿಗಳನ್ನೂ ಹಚ್ಚಬೇಡಿ. ಅವನ್ನು ಇಲಾಖೆಯವರೋ ಸಂಘದವರೋ ದುಡ್ಡು ಕೊಟ್ಟು ತಂದು ಬಿಟ್ಟಿರುತ್ತಾರೆ. ಒಂದು ನೀರಿನ ಎರೆಯನ್ನು ಇನ್ನೊಂದು ನೀರಿಗೆ ಒಯ್ಯಬೇಡಿ. ಕಾರಂಜಾ ಜಲಾಶಯದಲ್ಲಿ ಹಿಡಿದ ಮರಿಯಲ್ಲಿ ಉಳಿದದ್ದನ್ನು ಊರ ಕೆರೆಗೆ ಸುರಿದು ಬರುವುದು ಪುಣ್ಯದ ಕೆಲಸವೆಂದು ಕೆಲವರು ತಿಳಿದಿದ್ದಾರೆ. ಬಕೆಟ್‌ನಲ್ಲಿ ಒಂದು ಜೋಡಿ ಜಿಲೇಬಿ ಮೀನಿದ್ದರೂ ಸಾಕು, ಅದು ಬಾಯಲ್ಲೇ ಮೊಟ್ಟೆ ಕಾದು ಮರಿಮಾಡಿ ಕೆಲವೇ ವರ್ಷಗಳಲ್ಲಿ ಕೆರೆಯನ್ನು ಆಕ್ರಮಿಸುತ್ತದೆ. ದೇಶದಲ್ಲಿ ಸಾಕಣೆಯೇ ನಿಷಿದ್ಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಸೇರಿಕೊಂಡಿದ್ದರಂತೂ ಆ ಕೆರೆಯ ನಾಡಮೀನುಗಳಿಗೆ ಉಳಿಗಾಲವಿಲ್ಲ. ಉಳಿದ ಎರೆಯನ್ನು ಹಿಡಿದ ಜಾಗದಲ್ಲೇ ಬಿಡಿ, ಇಲ್ಲವೇ ಮನೆಗೆ ಒಯ್ದು ಸಾರು ಮಾಡಿ.

2016ರ ಬೇಸಿಗೆ ನೆನಪಿದೆಯಲ್ಲ? ಮಾಂಜ್ರಾ ಅಣೆಕಟ್ಟೆ ಬತ್ತಿ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದ ವರ್ಷ. ಹೊಳೆ ತುಂಡುತುಂಡು ಮಡುಗಳಾದಾಗ ಬೇರೆ ಮೀನು ಉಸಿರುಗಟ್ಟಿ ಸಾಯುತ್ತವೆ. ಗಾಳಿ ಕುಡಿಯುವ ಮರಲ್ ಕೆಸರಿನಲ್ಲಿ ಹುದುಗಿ ಮಳೆಯ ತನಕ ಜೀವ ಹಿಡಿದಿರುತ್ತದೆ. ಬರಗಾಲ ದಾಟಿ ಬರುವ ಈ ಗಟ್ಟಿತನದಿಂದಲೇ ಅದಕ್ಕೆ ನಮ್ಮ ಭಾಗದಲ್ಲಿ ಇಷ್ಟು ಮಾನ. ತೆಲಂಗಾಣ ಅದನ್ನೇ ರಾಜ್ಯ ಮೀನೆಂದು ಆರಿಸಿಕೊಂಡಿದೆ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಉಬ್ಬಸದವರಿಗೆ ಕೊಡುವ ಮೀನಿನ ಪ್ರಸಾದದಲ್ಲಿ ನುಂಗಿಸುವುದೂ ಜೀವಂತ ಮರಲ್ ಮರಿಯನ್ನೇ. ಅದರ ಔಷಧಗುಣ ವಿಜ್ಞಾನದಿಂದ ಸಾಬೀತಾಗಿಲ್ಲ, ಆದರೂ ಜನ ಬೇರೆ ರಾಜ್ಯಗಳಿಂದಲೂ ಅಲ್ಲಿಗೆ ಹೋಗುತ್ತಾರೆ.

ಆ ಮೃಗಶಿರಾದಿಂದಲೇ ಮರಲ್ ಸಂಸಾರ ಶುರುವಾಗುತ್ತದೆ. ಮಳೆನೀರು ಕೂಡುತ್ತಲೇ ಜೊಂಡು, ಹುಲ್ಲಿನ ನಡುವೆ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಮೊಟ್ಟೆ ನೀರಿನ ಮೇಲೆ ತೇಲುತ್ತದೆ, ಮರಿ ಒಡೆದ ಮೇಲೆ ಕೆಂಪು ಕಿತ್ತಳೆ ಬಣ್ಣದ ನೂರಾರು ಮರಿಗಳು ಒಂದೇ ಮುದ್ದೆಯಾಗಿ ಮೇಲ್ಮೈಯಲ್ಲಿ ಓಡಾಡುತ್ತವೆ. ತಾಯಿ ತಂದೆ ಕೆಳಗೆ ಕಾವಲಿರುತ್ತವೆ, ಹತ್ತಿರ ಬಂದ ಯಾವುದರ ಮೇಲಾದರೂ ಎರಗುತ್ತವೆ. ಈ ಗುಟ್ಟು ತಿಳಿದವರು ಆ ಕೆಂಪು ಮುದ್ದೆಯ ನಡುವೆಯೇ ಜೀವಂತ ಎರೆ ಇಳಿಬಿಡುತ್ತಾರೆ. ಮೀನು ಆಗ ಹಸಿವಿಗೆ ಬಾಯಿ ಹಾಕುವುದಿಲ್ಲ, ಮರಿಗಳನ್ನು ಉಳಿಸಲು ಹಾಕುತ್ತದೆ. ಅದನ್ನು ಎಳೆದುಕೊಂಡ ಅರ್ಧ ತಾಸಿನಲ್ಲಿ ಮರಿಗಳನ್ನು ಬೇರೆ ಮೀನು, ಮಿಂಚುಳ್ಳಿ, ನೀರುಕಾಗೆಗಳು ಮುಗಿಸಿಬಿಡುತ್ತವೆ. ಒಂದು ಮೀನಿನ ಸಾರಿಗೆ ಮುಂದಿನ ಎರಡು ಮೂರು ವರ್ಷದ ಮೀನು ಹೋಗುತ್ತದೆ. ಇದನ್ನು ಜಾಣತನವೆಂದು ಹೇಳಿಕೊಡುವವರು ಹಿರಿಯರಾದರೂ ಸರಿ, ಆ ಮಾತು ಕೇಳಬೇಡಿ.

ಹುಡುಗರೇ, ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಸೇತುವೆಗೆ ಹೋಗಿ. ಗಡಿಗೆಗೆ ಗೋಣಿಚೀಲ ಸುತ್ತಿಕೊಳ್ಳಿ, ಹಗ್ಗದ ಬಲೆ ಜತೆಗಿರಲಿ, ಹರಿದ ತಂಗೂಸ್ ದಾರವನ್ನು ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳದಂತೆ ಮನೆಗೆ ತನ್ನಿ. ಜೂನ್ ತಿಂಗಳಿಂದ ಮಳೆ ನಿಲ್ಲುವ ತನಕ ನೀರ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಬಿಡಬೇಡಿ, ಬಿಡುವವರಿಗೂ ತಿಳಿಸಿ ಹೇಳಿ.